ಕರುಳಿನ ಸಾಕ್ಷ್ಯ: ಸಾಕುಪ್ರಾಣಿಗಳ ಸಾಂಕ್ರಾಮಿಕ ಉದರವ್ಯಾಧಿಗಳು

(ಕಂಬಂ ಪಟ್ಟಣದಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)



ಪಶುರೋಗಶಾಸ್ತ್ರವನ್ನು ಕುರಿತು ಕನ್ನಡದಲ್ಲಿ, ಅದರಲ್ಲಿಯೂ ಕರ್ನಾಟಕದ ಎಲ್ಲೆಯಿಂದ ಇಷ್ಟು ದೂರದ ಸುರುಳಿ ನದಿಯ ಸೀಮೆಯಲ್ಲಿ ನೆಲೆಸಿ, ತಲೆಮಾರುಗಳಿಂದ ಕನ್ನಡವನ್ನು ಮನೆಯ ಮಾತಾಗಿ ಕಾಪಾಡಿಕೊಂಡು ಬಂದಿರುವ ತಮ್ಮೆಲ್ಲರ ಸಮ್ಮುಖದಲ್ಲಿ, ನಾಲ್ಕು ಮಾತುಗಳನ್ನಾಡುವ ಅವಕಾಶವನ್ನು ಕಲ್ಪಿಸಿದ ದತ್ತಿಯ ಸ್ಥಾಪಕರಿಗೆ ಮೊದಲು ನನ್ನ ಕೃತಜ್ಞತೆಯನ್ನು ಅರ್ಪಿಸುತ್ತೇನೆ. ಸಗಣಿ, ಕರುಳು, ರಕ್ತ, ದುರ್ಗಂಧ ಇವುಗಳ ಪ್ರಸ್ತಾಪವಿಲ್ಲದೆ ಈ ವಿಷಯವನ್ನು ನಿರೂಪಿಸುವಂತಿಲ್ಲ. ಕೊಟ್ಟಿಗೆಯಲ್ಲಿ ದನ ಕಟ್ಟಿದ ಮನೆಗಳವರಿಗೆ ಅದು ಅಸಹ್ಯವೆನಿಸಲಾರದೆಂಬ ಧೈರ್ಯದಿಂದ ಆರಂಭಿಸುತ್ತೇನೆ.

ನಾನು ನಿವೇದಿಸಬೇಕೆಂದಿರುವ ವಿಷಯ ಒಂದೇ. ದನ ಉಚ್ಚಿಕೊಂಡಿತು, ಮೇವು ಬಿಟ್ಟಿತು, ಮೂರನೆಯ ದಿನ ಸತ್ತಿತು ಎಂದು ನಾವು ಒಂದೇ ಮಾತಿನಲ್ಲಿ ಮುಗಿಸಿಬಿಡುವ ಭೇದಿಯ ಹಿಂದೆ ಪರಸ್ಪರ ಸಂಬಂಧವಿಲ್ಲದ ಅನೇಕ ವ್ಯಾಧಿಗಳಿವೆ. ಅವುಗಳಲ್ಲಿ ಒಂದಕ್ಕೆ ಲಸಿಕೆಯೇ ಮದ್ದಾದರೆ ಇನ್ನೊಂದಕ್ಕೆ ಮೇವಿನ ಮಿತಿಯೇ ಮದ್ದು, ಮತ್ತೊಂದಕ್ಕೆ ಉಪ್ಪುನೀರು, ಮಗದೊಂದಕ್ಕೆ ಚಿಕಿತ್ಸೆಯೇ ಇಲ್ಲ. ಇವುಗಳಲ್ಲಿ ಯಾವುದು ತಮ್ಮ ಮಂದೆಯನ್ನು ಹೊಕ್ಕಿದೆಯೆಂಬುದನ್ನು ಬಹುಪಾಲು ಸಂದರ್ಭಗಳಲ್ಲಿ ಸತ್ತ ಪ್ರಾಣಿಯ ಕರುಳೇ ಎಲ್ಲಕ್ಕಿಂತ ಸ್ಪಷ್ಟವಾಗಿ ಹೇಳಬಲ್ಲದು. ಆದಕಾರಣ ಹೂಳುವ ಮುನ್ನ ಆ ಸಾಕ್ಷ್ಯವನ್ನು ಬಲ್ಲವರಿಂದ ಕೇಳಿಸಿಕೊಳ್ಳತಕ್ಕದ್ದು. ನನ್ನ ಉಪನ್ಯಾಸದ ಸಾರವೆಲ್ಲ ಇಷ್ಟೇ.

1. ಕಣಿವೆ ಮತ್ತು ಮಂದೆ

ಈ ಮಾತನ್ನು ಹೇಳಲು ಕಂಬಂಗಿಂತ ಯೋಗ್ಯವಾದ ಸ್ಥಳ ವಿರಳ. ಕಪ್ಪಿಲಿಯರೆಂದೂ ಒಕ್ಕಲಿಗರೆಂದೂ ಹೆಸರಾದ ತಮ್ಮ ಪೂರ್ವಜರು ಕನ್ನಡ ನಾಡನ್ನು ಬಿಟ್ಟು ಈ ಕಣಿವೆಗೆ ಬಂದಾಗ ತಮ್ಮ ದನಗಳನ್ನೂ ಹೊಡೆದುಕೊಂಡು ಬಂದರೆಂಬ ಐತಿಹ್ಯವನ್ನೂ, ಆ ದನಗಳ ಸಂತತಿಯೆಂದು ಪೂಜೆಗೊಳ್ಳುವ ಮಂದೆ ಕನ್ನಡದಲ್ಲಿ ದೇವರ ಆವು ಎಂದೂ ತಮಿಳಿನಲ್ಲಿ ತಂಬಿರಾನ್ ಮಾಡು ಎಂದೂ ಕರೆಯಲ್ಪಡುತ್ತಿದ್ದುದನ್ನೂ ಎಡ್ಗರ್ ಥರ್ಸ್ಟನ್ನನು 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಗ್ರಂಥದಲ್ಲಿ ದಾಖಲಿಸಿದ್ದಾನೆ. ಪಟ್ಟದ ಆವು ಎನಿಸಿದ ಹೋರಿ ಕಾಲವಾದಾಗ ಮಂದೆಯನ್ನೆಲ್ಲ ಒಂದೆಡೆ ಕೂಡಿಸಿ, ಕರ್ಪೂರ, ಬಾಳೆಹಣ್ಣು, ಎಲೆಯಡಿಕೆಗಳನ್ನು ಅರ್ಪಿಸಿ, ಕಬ್ಬಿನ ಕಟ್ಟೊಂದನ್ನು ಮುಂದಿರಿಸಿ, ಯಾವ ಹೋರಿ ಮೊದಲು ಬಂದು ಅದನ್ನು ಮೆಲ್ಲುವುದೋ ಅದಕ್ಕೇ ಅರಿಶಿನ ಕುಂಕುಮವಿಟ್ಟು ಹೂಮಾಲೆ ಹಾಕಿ ಪಟ್ಟಗಟ್ಟುವ ವಿಧಿಯನ್ನೂ, ಮಂದೆಯ ದನಗಳು ಸತ್ತಾಗ ಅವನ್ನು ಯಥೋಚಿತವಾಗಿ ಹೂಳುವ ಪದ್ಧತಿಯನ್ನೂ ಆ ಗ್ರಂಥದಲ್ಲಿ ಕಾಣಬಹುದು. ಆ ಮಂದೆಯ ನೆಲೆಯಾದ ನಂದಗೋಪಾಲಸ್ವಾಮಿಯ ತೊಳು, ಅಂದರೆ ದನದ ಹಟ್ಟಿ, ಇಂದಿಗೂ ಈ ಊರಿನಲ್ಲಿದೆ. ಮಾಟ್ಟುಪ್ಪೊಂಗಲಿನಂದು ಅಲ್ಲಿ ಸೇರುವ ಜನಸಂದಣಿಯನ್ನು ತಮಗೆ ನಾನು ವರ್ಣಿಸಬೇಕಾಗಿಲ್ಲ.

ರೋಗಶಾಸ್ತ್ರದ ದೃಷ್ಟಿಯಿಂದ ನೋಡಿದರೆ ಈ ಕಣಿವೆ ದನಗಳ ಹೆದ್ದಾರಿ. ಒಂದು ಕಡೆ ಮೇಘಮಲೆ, ವರುಸನಾಡುಗಳ ಗಿರಿಶ್ರೇಣಿ. ಇನ್ನೊಂದು ಕಡೆ ಕುಮಳಿಯ ಘಟ್ಟವನ್ನೇರಿ ಕೇರಳಕ್ಕೆ ಹೋಗುವ ದಾರಿ. ಮಲೆಮಾಡುಗಳೆಂಬ ಬೆಟ್ಟದ ದನಗಳು ಕಾಡಿನಲ್ಲಿ ಮೇದು ಬರುತ್ತವೆ. ಸಂತೆಯಲ್ಲಿ ಕೊಂಡ ದನಗಳು ಗಡಿಯನ್ನು ದಾಟುತ್ತವೆ. ನೆಲ್ಲಿನ ಕೊಯಿಲಾದ ಗದ್ದೆಗಳಲ್ಲಿ ಗೊಬ್ಬರಕ್ಕಾಗಿ ಕುರಿಮಂದೆಗಳನ್ನು ನಿಲ್ಲಿಸುವುದುಂಟು. ಇವೆಲ್ಲವೂ ಕುಡಿಯುವ ನೀರು, ತುಳಿಯುವ ದಾರಿ, ಮೇಯುವ ಹುಲ್ಲು ಬೇರೆ ಬೇರೆಯಲ್ಲ. ಕರುಳಿನ ರೋಗ ಹರಡುವುದು ಸಗಣಿಯಿಂದ ಬಾಯಿಗೆ. ಸಗಣಿ ಬೀಳುವ ಸ್ಥಳವೂ ಬಾಯಿ ಹಾಕುವ ಸ್ಥಳವೂ ಒಂದೇ ಆಗಿರುವಲ್ಲಿ ಒಂದು ಮನೆಯ ಕರುವಿನ ವ್ಯಾಧಿ ಊರಿನ ವ್ಯಾಧಿಯಾಗಲು ಬಹುಕಾಲ ಬೇಕಾಗುವುದಿಲ್ಲ.

2. ಕರುಳಿನ ಒಳಗೋಡೆ

ವ್ಯಾಧಿಯನ್ನು ತಿಳಿಯಬೇಕಾದರೆ ಆರೋಗ್ಯವನ್ನು ಮೊದಲು ತಿಳಿಯಬೇಕು. ಆರೋಗ್ಯವಂತ ಕರುವಿನ ಸಣ್ಣ ಕರುಳನ್ನು ಸೀಳಿ, ನೀರಿನಲ್ಲಿ ಮೆಲ್ಲನೆ ತೊಳೆದು, ಬೆಳಕಿಗೆ ಓರೆಯಾಗಿ ಹಿಡಿದರೆ ಒಳಮೈ ಮಖಮಲ್ಲಿನಂತೆ ಕಾಣುತ್ತದೆ. ಆ ಮೃದುತ್ವಕ್ಕೆ ಕಾರಣ ಅಸಂಖ್ಯಾತವಾದ, ಬೆರಳಿನಾಕಾರದ ಅಂಕುರಗಳು. ಅಂಕುರಗಳ ಮೇಲ್ಮೈಯನ್ನು ಒಂದೇ ಪದರದ ಜೀವಕೋಶಗಳು ಹೊದ್ದಿರುತ್ತವೆ. ಅಂಕುರಗಳ ಬುಡದ ಗುಳಿಗಳಲ್ಲಿ ಹೊಸ ಕೋಶಗಳು ಎಡೆಬಿಡದೆ ಹುಟ್ಟಿ, ಮೇಲೇರಿ, ಕೆಲವೇ ದಿನಗಳಲ್ಲಿ ತುದಿಯನ್ನು ಮುಟ್ಟಿ ಉದುರಿಹೋಗುತ್ತವೆ. ತುದಿಯ ಪ್ರೌಢ ಕೋಶಗಳ ಕೆಲಸ ಹೀರುವುದು. ಗುಳಿಯ ಎಳೆಯ ಕೋಶಗಳ ಕೆಲಸ ರಸವನ್ನು ಸ್ರವಿಸುವುದು. ಸ್ರವಿಸಿದ್ದಕ್ಕಿಂತ ಹೀರಿದ್ದು ಹೆಚ್ಚಾಗಿರುವವರೆಗೆ ಸಗಣಿ ಗಟ್ಟಿಯಾಗಿರುತ್ತದೆ. ಈ ಲೆಕ್ಕ ತಪ್ಪಿದೊಡನೆಯೇ ಭೇದಿ.

ಲೆಕ್ಕ ತಪ್ಪುವ ಬಗೆಗಳು ಮುಖ್ಯವಾಗಿ ಮೂರು. ಗೋಡೆಗೆ ಯಾವ ಹಾನಿಯನ್ನೂ ಮಾಡದೆ ರೋಗಾಣು ತನ್ನ ವಿಷದಿಂದ ಗುಳಿಗಳನ್ನು ಕೆರಳಿಸಿ ನೀರನ್ನು ಸುರಿಸುವುದು ಒಂದು. ಹೀರುವ ಕೋಶಗಳನ್ನೇ ಕೊಂದು ಅಂಕುರಗಳನ್ನು ಮೊಂಡಾಗಿಸುವುದು ಎರಡು. ಗೋಡೆಯನ್ನೇ ಹೊಕ್ಕು, ಅದನ್ನು ಕೊಳೆಯಿಸಿ ಅಥವಾ ದಪ್ಪಗಾಗಿಸಿ, ರಕ್ತವೂ ಪ್ರೋಟೀನೂ ಸೋರಿಹೋಗುವಂತೆ ಮಾಡುವುದು ಮೂರು. ಈ ಮೂರೂ ಹೊರಗಿನಿಂದ ನೋಡುವವನಿಗೆ ಭೇದಿಯಾಗಿಯೇ ಕಾಣುತ್ತವೆ; ಕರುಳನ್ನು ತೆರೆದವನಿಗೆ ಬೇರೆಬೇರೆಯಾಗಿ ಕಾಣುತ್ತವೆ.

3. ದೊಡ್ಡ ರೋಗ

ಕನ್ನಡ ನಾಡಿನಲ್ಲಿ ದೊಡ್ಡ ರೋಗವೆಂದೂ ಇಲ್ಲಿ ವೆಕ್ಕೈ ಎಂದೂ ಕರೆಯಲ್ಪಟ್ಟ ಮಹಾಮಾರಿಯನ್ನು ಇಂದಿನ ತರುಣರು ಕಂಡಿಲ್ಲ. ಅವರ ಅಜ್ಜಂದಿರಿಗೆ ಅದರ ಹೆಸರೇ ಭಯವನ್ನು ಹುಟ್ಟಿಸುತ್ತಿತ್ತು. ಮನುಷ್ಯರ ದಡಾರ, ನಾಯಿಗಳ ಡಿಸ್ಟೆಂಪರ್ ಇವುಗಳ ಕುಲಕ್ಕೇ ಸೇರಿದ ವೈರಾಣುವಿನಿಂದ ಉಂಟಾಗುತ್ತಿದ್ದ ಈ ರೋಗದಲ್ಲಿ ಮೊದಲು 40ರಿಂದ 41 ಡಿಗ್ರಿ ಸೆಲ್ಸಿಯಸ್ಸನ್ನು ಮುಟ್ಟುವ ಜ್ವರ, ಕಣ್ಣು ಮೂಗುಗಳಿಂದ ನೀರು. ಅನಂತರ ವಸಡು, ತುಟಿಯ ಒಳಭಾಗ, ನಾಲಗೆಯ ತಳಭಾಗಗಳಲ್ಲಿ ಬೂದುಬಣ್ಣದ ಸಣ್ಣ ಮಚ್ಚೆಗಳೆದ್ದು, ಬೆರಳಿನಿಂದ ಉಜ್ಜಿದರೆ ಕಿತ್ತುಬಂದು ಕೆಂಪು ಹುಣ್ಣುಗಳು ಉಳಿಯುತ್ತಿದ್ದವು. ಆಮೇಲೆ ತಡೆಯಿಲ್ಲದ, ದುರ್ನಾತದ, ರಕ್ತ ಬೆರೆತ ಭೇದಿಯಾಗಿ ವಾರ ಹತ್ತು ದಿನಗಳಲ್ಲಿ ಮರಣ ಸಂಭವಿಸುತ್ತಿತ್ತು.

ಶವವನ್ನು ತೆರೆದಾಗ ಕಾಣುತ್ತಿದ್ದ ಚಿಹ್ನೆಗಳು ರೋಗಶಾಸ್ತ್ರದ ಪಾಠಗಳಲ್ಲಿಯೇ ಅತ್ಯಂತ ಸ್ಫುಟವಾದವು. ಮೆಲುಕಿನ ದೊಡ್ಡ ಹೊಟ್ಟೆ ಸಾಮಾನ್ಯವಾಗಿ ನಿರ್ಮಲ. ನಾಲ್ಕನೆಯ ಹೊಟ್ಟೆಯ ಮಡಿಕೆಗಳು ಊದಿ ಕೆಂಪೇರಿ ಹುಣ್ಣಾಗಿರುತ್ತಿದ್ದವು. ಸಣ್ಣ ಕರುಳಿನ ಉದ್ದಕ್ಕೂ ರೋಗನಿರೋಧಕ ಕೋಶಗಳು ನೆರೆದಿರುವ ಪೇಯರ್ ಫಲಕಗಳೆಂಬ ತಾಣಗಳು ಕಪ್ಪಾಗಿ ಕೊಳೆತು ಕಳಚಿ ಬೀಳುತ್ತಿದ್ದವು. ದೊಡ್ಡ ಕರುಳು ಗುದನಾಳಗಳಲ್ಲಿ ಪಶು ತಿಣುಕಿ ತಿಣುಕಿ ಮಡಿಕೆಗಳ ಏಣಿನುದ್ದಕ್ಕೂ ರಕ್ತ ಕಟ್ಟಿ, ಕೆಂಪು ಮತ್ತು ಬಿಳಿಚಿದ ಗೆರೆಗಳು ಒಂದರ ಪಕ್ಕದಲ್ಲೊಂದು ಎದ್ದು ಕಾಣುತ್ತಿದ್ದುವು. ಇವಕ್ಕೆ ಜೀಬ್ರಾ ಪಟ್ಟೆಗಳೆಂದೇ ಹೆಸರು. ಸೂಕ್ಷ್ಮದರ್ಶಕದಡಿಯಲ್ಲಿ ನೋಡಿದರೆ ಹಲವು ಕೋಶಗಳು ಬೆಸೆದುಕೊಂಡಾದ ಬಹುಕೇಂದ್ರದ ದೈತ್ಯಕೋಶಗಳೂ ಅವುಗಳೊಳಗೆ ನಸುಗೆಂಪು ಬಣ್ಣದ ವೈರಾಣು ಕಾಯಗಳೂ ಗೋಚರಿಸುತ್ತಿದ್ದುವು. ವೈರಾಣು ಕರುಳಿನ ಹೊದಿಕೆಯನ್ನು ಹರಿದುದಲ್ಲದೆ ದೇಹದ ರಕ್ಷಣಾಕೋಶಗಳನ್ನೂ ಏಕಕಾಲದಲ್ಲಿ ನಾಶಗೊಳಿಸುತ್ತಿದ್ದುದರಿಂದ, ಬಾಗಿಲನ್ನೂ ಕಾವಲನ್ನೂ ಒಟ್ಟಿಗೆ ಕಳೆದುಕೊಂಡ ಆ ಪಶು ಉಳಿಯುವುದು ದುಸ್ಸಾಧ್ಯವಾಗುತ್ತಿತ್ತು.

ಈ ಮಾರಿಯನ್ನು ಅರಿಯಲು ನಡೆದ ಪ್ರಯತ್ನದಿಂದಲೇ ನಮ್ಮ ದೇಶದಲ್ಲಿ ಪಶುರೋಗವಿಜ್ಞಾನ ಬೇರೂರಿತೆಂದರೆ ಅತ್ಯುಕ್ತಿಯಾಗದು. ಸರ್ಕಾರ ನೇಮಿಸಿದ ಪಶುಮಾರಿ ಆಯೋಗ 1871ರಲ್ಲಿ ತನ್ನ ವರದಿಯನ್ನು ಒಪ್ಪಿಸಿತು. 1889ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ಬ್ಯಾಕ್ಟೀರಿಯಾಶಾಸ್ತ್ರದ ಪ್ರಯೋಗಾಲಯ ನಾಲ್ಕು ವರ್ಷಗಳ ತರುವಾಯ ಹಿಮಾಲಯದ ಮುಕ್ತೇಶ್ವರಕ್ಕೆ ವರ್ಗಾವಣೆಯಾಯಿತು. ರಾಬರ್ಟ್ ಕೋಖ್ ಮಹಾಶಯನು ದಕ್ಷಿಣ ಆಫ್ರಿಕದಲ್ಲಿ ಸತ್ತ ದನಗಳ ಪಿತ್ತವನ್ನು ಚುಚ್ಚಿ ರೋಗನಿರೋಧವನ್ನುಂಟುಮಾಡುವ ಕ್ರಮವನ್ನು ಪರೀಕ್ಷಿಸಿ, 1897ರಲ್ಲಿ ಈ ಪ್ರಯೋಗಾಲಯಕ್ಕೂ ಬಂದಿದ್ದನು. ಅಲ್ಲಿಯೇ ಜೆ. ಟಿ. ಎಡ್ವರ್ಡ್ಸ್ 1920ರ ದಶಕದಲ್ಲಿ ವೈರಾಣುವನ್ನು ಮೇಕೆಯಿಂದ ಮೇಕೆಗೆ ಮತ್ತೆ ಮತ್ತೆ ದಾಟಿಸಿ, ದನಗಳ ಪಾಲಿಗೆ ಅದರ ಉಗ್ರತೆಯನ್ನು ಕುಗ್ಗಿಸಿ, ಲಸಿಕೆಯನ್ನಾಗಿ ಪರಿವರ್ತಿಸಿದನು. ಮೈಸೂರು ಸಂಸ್ಥಾನವೂ ಅದೇ ದಶಕದಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಸೀರಂ ಸಂಸ್ಥೆಯೊಂದನ್ನು ಸ್ಥಾಪಿಸಿತು. 1954ರಲ್ಲಿ ರಾಷ್ಟ್ರೀಯ ನಿರ್ಮೂಲನ ಕಾರ್ಯಕ್ರಮ ಆರಂಭವಾದ ಮೇಲೆ ಲಸಿಕೆಗಾರರು ಹಳ್ಳಿ ಹಳ್ಳಿಗೆ ನಡೆದರು. 1960ರ ಸುಮಾರಿನಲ್ಲಿ ವಾಲ್ಟರ್ ಪ್ಲೌರೈಟ್ ಕೀನ್ಯಾದಲ್ಲಿ ಸಿದ್ಧಪಡಿಸಿದ ಅಂಗಾಂಶ ಕೃಷಿಯ ಲಸಿಕೆ ಈ ಕಾರ್ಯವನ್ನು ಇನ್ನಷ್ಟು ನಿರಪಾಯಗೊಳಿಸಿತು.

ಆದರೂ ವ್ಯಾಧಿ ಸುಲಭವಾಗಿ ಬಿಟ್ಟುಹೋಗಲಿಲ್ಲ. ಅದು ಕಾಡನ್ನೂ ಹೊಕ್ಕಿತು. 1968ರಲ್ಲಿ ಬಂಡೀಪುರ ಮುದುಮಲೆಗಳ ಕಾಟಿಗಳು ಗುಂಪು ಗುಂಪಾಗಿ ಸತ್ತುದನ್ನು ವನ್ಯಜೀವಿ ಇತಿಹಾಸ ಮರೆತಿಲ್ಲ. ಭಾರತದಲ್ಲಿ ಕಡೆಯ ರೋಗೋದ್ಭವ 1995ರಲ್ಲಿ ಕಾಣಿಸಿಕೊಂಡಿತು. ಆನಂತರ ನಡೆದ ಕಾರ್ಯವನ್ನು ತಾವು ವಿಶೇಷವಾಗಿ ಗಮನಿಸಬೇಕೆಂದು ಪ್ರಾರ್ಥಿಸುತ್ತೇನೆ. ರೋಗ ಕಾಣುತ್ತಿಲ್ಲವೆಂದ ಮಾತ್ರಕ್ಕೆ ಯಾರೂ ತೃಪ್ತರಾಗಲಿಲ್ಲ. ಲಸಿಕೆಯನ್ನು ನಿಲ್ಲಿಸಿ, ಬಾಯಿಹುಣ್ಣು ಮತ್ತು ಭೇದಿ ಜೊತೆಗೂಡಿ ಕಂಡ ಪ್ರಾಣಿಗಳನ್ನು ಹುಡುಕಿ, ಮಾದರಿಗಳನ್ನು ಪರೀಕ್ಷಿಸಿ, ವರ್ಷಗಟ್ಟಲೆ ಹೀಗೆ ಶೋಧಿಸಿದ ಬಳಿಕವೇ ರೋಗವಿಲ್ಲವೆಂಬ ಮಾತಿಗೆ ಪ್ರಮಾಣ ದೊರೆಯಿತು. 2011ರಲ್ಲಿ ಜಗತ್ತಿನಿಂದಲೇ ದೊಡ್ಡ ರೋಗ ನಿರ್ಮೂಲವಾಯಿತೆಂದು ಘೋಷಿಸಲಾಯಿತು. ಮನುಷ್ಯರ ಸಿಡುಬಿನ ತರುವಾಯ ಬುಡಸಹಿತ ಅಳಿದ ವ್ಯಾಧಿ ಇದೊಂದೇ. ಲಸಿಕೆ ಅದನ್ನು ಕುಗ್ಗಿಸಿತು; ಸತ್ತ ಮತ್ತು ಸಾಯುತ್ತಿದ್ದ ಪಶುಗಳನ್ನು ಪರೀಕ್ಷಿಸಿ ನೋಡಿದ ಕಣ್ಣುಗಳು ಅದನ್ನು ಮುಗಿಸಿದವು.

4. ಕುರಿ ಮೇಕೆಗಳ ಹಿರೇಬೇನೆ

ಹಾಗೆ ಪರೀಕ್ಷಿಸಿ ನೋಡದೆ ಹೋಗಿದ್ದರೆ ಏನಾಗುತ್ತಿತ್ತೆಂಬುದಕ್ಕೆ ತಮಿಳುನಾಡೇ ಒಂದು ನಿದರ್ಶನವನ್ನು ಒದಗಿಸಿದೆ. ಕುರಿ ಮೇಕೆಗಳನ್ನು ಹಿಡಿಯುವ, ಕನ್ನಡದಲ್ಲಿ ಹಿರೇಬೇನೆಯೆಂದೂ ತಮಿಳಿನಲ್ಲಿ ಆಟ್ಟುಕ್ಕೊಲ್ಲಿಯೆಂದೂ ಕರೆಯಲ್ಪಡುವ ಪಿ.ಪಿ.ಆರ್. ರೋಗವನ್ನು ಮೊದಲು ವಿವರಿಸಿದ್ದು 1942ರಲ್ಲಿ, ಪಶ್ಚಿಮ ಆಫ್ರಿಕದ ಐವರಿ ಕೋಸ್ಟಿನಲ್ಲಿ. ಜ್ವರ, ಬಾಯಿಹುಣ್ಣು, ಭೇದಿ, ದೊಡ್ಡ ಕರುಳಿನ ಪಟ್ಟೆಗಳು, ಎಲ್ಲವೂ ದೊಡ್ಡ ರೋಗವನ್ನೇ ಹೋಲುತ್ತವೆ. ನ್ಯುಮೋನಿಯ ಇದರಲ್ಲಿ ಅಧಿಕ. 1987ರಲ್ಲಿ ತಮಿಳುನಾಡಿನ ಅರಸೂರು ಗ್ರಾಮದ ಕುರಿಗಳಲ್ಲಿ ಇಂಥ ಬೇನೆ ಕಾಣಿಸಿಕೊಂಡಾಗ ದೊಡ್ಡ ರೋಗವೇ ಕುರಿಗಳಿಗೂ ತಗಲಿತೆಂದು ಬಗೆದು ಕೈಬಿಟ್ಟಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಮಾದರಿಗಳನ್ನು ಪರೀಕ್ಷೆಗೊಳಪಡಿಸಿದ್ದರಿಂದ ಅದು ಬೇರೆಯೇ ವೈರಾಣುವೆಂದು ಸಿದ್ಧವಾಯಿತು; ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ. ಎಸ್. ಶೈಲಾ ಮತ್ತು ಅವರ ಸಹೋದ್ಯೋಗಿಗಳು 1989ರಲ್ಲಿ ಆ ಸಂಗತಿಯನ್ನು ಲೋಕಕ್ಕೆ ತಿಳಿಸಿದರು. ಭಾರತದಲ್ಲಿ ಈ ರೋಗದ ಮೊದಲ ದಾಖಲೆ ಅದೇ. ಅರಸೂರಿನ ಕುರಿಗಳಿಂದ ದೊರೆತ ವೈರಾಣುವಿನ ತಳಿಯೇ ಮುಂದೆ ಲಸಿಕೆಯ ತಳಿಯೂ ಆಯಿತು. ಒಂದು ಹಳ್ಳಿಯ ಸತ್ತ ಕುರಿಗಳು ನಾಡಿನ ಕುರಿಗಳನ್ನು ಕಾಯುವಂತಾದುದು ಪರೀಕ್ಷೆಯ ಫಲ.

5. ಕೊಬ್ಬಿದ ಮರಿಯ ಮರಣ

ಇದಕ್ಕೆ ಪ್ರತಿಯಾಗಿ, ಸೋಂಕಿನಷ್ಟೇ ಮೇವೂ ಕಾರಣವಾಗುವ ರೋಗವೊಂದುಂಟು. ತಮಿಳಿನಲ್ಲಿ ತುಳ್ಳುಮಾರಿ ಎನ್ನುವ, ನಮ್ಮ ಕುರುಬರು ಕರುಳುಬೇನೆ ಎನ್ನುವ ವ್ಯಾಧಿಯಿದು. ಕ್ಲಾಸ್ಟ್ರಿಡಿಯಂ ಪರ್‌ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯದ ‘ಡಿ’ ಬಗೆ ಆರೋಗ್ಯವಂತ ಕುರಿಗಳ ಕರುಳಿನಲ್ಲಿಯೂ ಅಲ್ಪಸಂಖ್ಯೆಯಲ್ಲಿ ವಾಸಿಸಬಲ್ಲದು. ಕೊಯಿಲಾದ ಗದ್ದೆಯಲ್ಲಿ ಉದುರಿದ ಭತ್ತವನ್ನೋ ಮಳೆ ಬಿದ್ದು ಚಿಗುರಿದ ಎಳೆಹುಲ್ಲನ್ನೋ ಹಸಿದ ಕುರಿ ಒಮ್ಮೆಲೆ ಹೊಟ್ಟೆ ಬಿರಿಯ ತಿಂದಾಗ ಜೀರ್ಣವಾಗದ ಪಿಷ್ಟ ಸಣ್ಣ ಕರುಳಿಗೆ ಇಳಿಯುತ್ತದೆ. ಬ್ಯಾಕ್ಟೀರಿಯ ಅದನ್ನುಂಡು ಮಿತಿಮೀರಿ ವೃದ್ಧಿಯಾಗಿ ಎಪ್ಸಿಲಾನ್ ವಿಷವನ್ನು ಸ್ರವಿಸುತ್ತದೆ. ಕುರಿಯ ಸ್ವಂತ ಪಾಚಕರಸವೇ ಆ ವಿಷವನ್ನು ಹರಿತಗೊಳಿಸುತ್ತದೆ. ರಕ್ತನಾಳಗಳು ಸೋರತೊಡಗಿ, ಮಿದುಳಿಗೂ ಹಾನಿ ತಟ್ಟಿ, ಕುರಿ ಎಗರಿಬಿದ್ದು ಕಾಲು ಬಡಿದು ಕೆಲವೇ ಗಂಟೆಗಳಲ್ಲಿ ಸಾಯುತ್ತದೆ. ಭೇದಿಗೂ ಅವಕಾಶವಿರುವುದಿಲ್ಲ. ಶವದಲ್ಲಿ ಹೃದಯದ ಚೀಲದೊಳಗೆ ತಿಳಿಹಳದಿ ದ್ರವ, ಬೆರಳಿಟ್ಟರೆ ಕುಸಿಯುವಷ್ಟು ಮೆತ್ತಗಾದ ಮೂತ್ರಪಿಂಡ, ಅಲ್ಲಲ್ಲಿ ರಕ್ತ ಕಟ್ಟಿದ ಕರುಳು. ಸಾಯುವುದು ಮಂದೆಯಲ್ಲಿ ಅತ್ಯಂತ ಪುಷ್ಟವಾದ ಮರಿಯೇ ಆದ್ದರಿಂದ ದೃಷ್ಟಿ ತಗಲಿತೆಂದೂ ಮಾಟವೆಂದೂ ಶಂಕೆ ಹುಟ್ಟುವುದುಂಟು. ಕಾರಣ ಗದ್ದೆಯಲ್ಲಿ ಬಿದ್ದ ಭತ್ತ. ಮಳೆಗಾಲಕ್ಕೆ ಮೊದಲು ಲಸಿಕೆ ಹಾಕಿಸಿ, ಒಣಮೇವು ತಿನಿಸಿದ ಬಳಿಕವೇ ಮಂದೆಯನ್ನು ಹೊಸ ಗದ್ದೆಗೆ ಬಿಡುವುದೇ ಪರಿಹಾರ.

6. ಸವೆಸುವ ರೋಗ, ಎಳೆಗರುವಿನ ಭೇದಿ

ಗಂಟೆಗಳಲ್ಲಿ ಕೊಲ್ಲುವ ಈ ವ್ಯಾಧಿಗೆ ತದ್ವಿರುದ್ಧವಾದುದು 1895ರಲ್ಲಿ ಜರ್ಮನಿಯಲ್ಲಿ ಯೋನೆ ಮತ್ತು ಫ್ರಾಥಿಂಗಂ ವಿವರಿಸಿದ, ಈಗ ಜೋನ್ಸ್ ರೋಗವೆನಿಸಿಕೊಂಡಿರುವ ವ್ಯಾಧಿ. ಕ್ಷಯದ ಬ್ಯಾಕ್ಟೀರಿಯದ ಸಂಬಂಧಿಯೊಂದು ಎಳೆಗರುವಿನ ಬಾಯಿಯನ್ನು ಹೊಕ್ಕು, ವರ್ಷಾನುಗಟ್ಟಲೆ ಕರುಳಿನ ಗೋಡೆಯಲ್ಲಿ ಅಡಗಿದ್ದು, ಹಸು ಕರುಹಾಕಿ ಹಾಲು ಕೊಡುವ ಪ್ರಾಯದಲ್ಲಿ ತಲೆಯೆತ್ತುತ್ತದೆ. ಜ್ವರವಿಲ್ಲ, ಮೇವನ್ನೂ ತಿನ್ನುತ್ತದೆ, ಆದರೂ ನೀರಿನಂಥ ಸಗಣಿಯ ಧಾರೆಯಾಗಿ ಮೈಯೆಲ್ಲ ಸವೆದುಹೋಗುತ್ತದೆ. ಸಣ್ಣ ಕರುಳಿನ ಕಡೆಯ ಭಾಗವನ್ನು ಸೀಳಿದರೆ ಗೋಡೆ ಹಲವು ಮಡಿ ದಪ್ಪವಾಗಿ, ಕೈಯಿಂದ ಚಾಚಿ ಎಳೆದರೂ ನೆಟ್ಟಗಾಗದ ಮಡಿಕೆಗಳು ಅಡ್ಡಡ್ಡಲಾಗಿ ಎದ್ದಿರುತ್ತವೆ. ಈ ಚಿಹ್ನೆಯನ್ನು ಕಂಡವನು ಔಷಧಿಯನ್ನು ಬರೆಯುವುದಿಲ್ಲ, ಏಕೆಂದರೆ ಸಫಲವಾದ ಔಷಧಿಯಿಲ್ಲ. ಹುಟ್ಟಿದ ಕರುಗಳನ್ನು ಅಂಥ ಹಸುವಿನ ಸಗಣಿಯ ಸಂಪರ್ಕದಿಂದ ದೂರವಿಡಿರೆಂದು ಹೇಳುತ್ತಾನೆ.

ಎಳೆಗರುಗಳ ಭೇದಿಯಲ್ಲಿ ಇ. ಕೋಲಿ ಬ್ಯಾಕ್ಟೀರಿಯದ ಕೆಲವು ತಳಿಗಳು ಅಂಕುರಗಳಿಗೆ ಅಂಟಿಕೊಂಡು ವಿಷದಿಂದ ನೀರನ್ನು ಸುರಿಸುತ್ತವೆ. ಶವವನ್ನು ತೆರೆದರೆ ನೀರು ತುಂಬಿದ ಕರುಳೇ ಹೊರತು ಗೋಡೆಯಲ್ಲಿ ಗಾಯವಿರದು. ರೋಟಾವೈರಸ್ಸಾದರೋ ತುದಿಯ ಕೋಶಗಳನ್ನು ಕೊಂದು ಅಂಕುರಗಳನ್ನು ಕುಗ್ಗಿಸುತ್ತದೆ. ಎರಡರಲ್ಲಿಯೂ ಕರು ಸಾಯುವುದು ಮುಖ್ಯವಾಗಿ ನೀರು ಲವಣಗಳನ್ನು ಕಳೆದುಕೊಂಡೇ; ಗುಳಿಗಳು ಜೀವಂತವಾಗಿರುವುದರಿಂದ ಕೆಲವು ದಿನ ಕರುವಿನ ಮೈಯಲ್ಲಿ ನೀರು ಉಳಿಯುವಂತೆ ನೋಡಿಕೊಂಡರೆ ಕರುಳು ತನ್ನನ್ನು ತಾನೇ ಪುನಃ ನಿರ್ಮಿಸಿಕೊಳ್ಳುತ್ತದೆ. ಉಪ್ಪು ಮತ್ತು ಗ್ಲೂಕೋಸ್ ಬೆರೆಸಿದ ನೀರು ಇಲ್ಲಿ ಸಂಜೀವಿನಿ. ಅದಕ್ಕಿಂತಲೂ ಮೇಲಾದುದು ಗಿಣ್ಣು. ಹಸುವಿನ ಗರ್ಭದಲ್ಲಿ ತಾಯಿಯ ರಕ್ಷಕ ಪ್ರೋಟೀನುಗಳು ಮರಿಗೆ ದಾಟುವುದಿಲ್ಲವಾದುದರಿಂದ ಕರು ನಿರಾಯುಧವಾಗಿ ಹುಟ್ಟುತ್ತದೆ. ಗಿಣ್ಣಿನಲ್ಲಿರುವ ಆ ಪ್ರೋಟೀನುಗಳನ್ನು ಅಖಂಡವಾಗಿ ಹೀರುವ ಶಕ್ತಿ ಅದರ ಕರುಳಿಗೆ ಇರುವುದು ಸುಮಾರು ಒಂದು ದಿನ ಮಾತ್ರ, ಅದೂ ಗಂಟೆ ಗಂಟೆಗೆ ಇಳಿಮುಖ. ಮಾಸು ಬೀಳಲೆಂದು ಕಾಯದೆ ಹುಟ್ಟಿದ ಒಂದೆರಡು ಗಂಟೆಗಳೊಳಗೆ ಕರುವಿಗೆ ಗಿಣ್ಣನ್ನು ಕುಡಿಸಬೇಕು. ಹರಕೆಯಾಗಿ ಬೇರೆ ಬೇರೆ ಮನೆಗಳಿಂದ ಬಂದ ಕರುಗಳು ಒಂದೇ ತೊಳುವಿನಲ್ಲಿ ಸೇರುವ ಕಡೆಗಳಲ್ಲಂತೂ ಗಿಣ್ಣು ಕುಡಿದ ಕರುವನ್ನೇ ಒಪ್ಪಿಸುವುದು ಭಕ್ತಿಯ ಅಂಗವೇ ಆಗತಕ್ಕದ್ದು.

ಕೋಳಿಗಳ ವಿಷಯವನ್ನು ಸಂಕ್ಷೇಪವಾಗಿ ಹೇಳುವೆ. ಕೊಕ್ಕರೆ ರೋಗವೆಂದೂ ಇಲ್ಲಿ ವೆಳ್ಳೈಕ್ಕಳಿಚ್ಚಲ್ ಎಂದೂ ಕರೆಯುವ ರಾಣಿಖೇತ್ ರೋಗದಲ್ಲಿ ಗ್ರಂಥಿಜಠರದ ಒಳಗೆ ರಕ್ತದ ಚುಕ್ಕೆಗಳೂ, ರಕ್ತಭೇದಿಯ ಕಾಕ್ಸಿಡಿಯೋಸಿಸಿನಲ್ಲಿ ರಕ್ತ ತುಂಬಿ ಉಬ್ಬಿದ ಕುರುಡುಕರುಳೂ ಕಾಣುತ್ತವೆ. ಮೊದಲನೆಯದಕ್ಕೆ ಲಸಿಕೆ, ಎರಡನೆಯದಕ್ಕೆ ಒಣಗಿದ ನೆಲ ಮತ್ತು ಔಷಧಿ.

7. ಮಾಡತಕ್ಕದ್ದು

ಇನ್ನು ನನ್ನ ಕೋರಿಕೆ. ಸತ್ತ ದನವನ್ನು ಗೌರವದಿಂದ ಹೂಳುವ ತಮ್ಮ ಸಂಪ್ರದಾಯ ಆರೋಗ್ಯದ ದೃಷ್ಟಿಯಿಂದಲೂ ಶ್ರೇಷ್ಠವಾದುದು. ಹಳ್ಳಕ್ಕೆಸೆದ ಶವ ಮಾಡುವ ಹಾನಿಯನ್ನು ಹೂತ ಶವ ಮಾಡುವುದಿಲ್ಲ. ಹೂಳುವುದಕ್ಕೆ ಮೊದಲು ಪಶುವೈದ್ಯರನ್ನು ಕರೆಯಿಸಿರೆಂದಷ್ಟೇ ನನ್ನ ಬಿನ್ನಹ. ಕರುಳು ದೇಹದ ಬಹುತೇಕ ಅಂಗಗಳಿಗಿಂತ ಮೊದಲು ಕೊಳೆಯುತ್ತದೆ. ಒಳಹೊದಿಕೆಯ ಸೂಕ್ಷ್ಮರಚನೆ ಗಂಟೆಗಳಲ್ಲಿ ಅಳಿದುಹೋಗುತ್ತದೆ. ಬೆಳಗ್ಗೆ ಸತ್ತುದಕ್ಕೆ ಸಂಜೆ ಹೇಳಿಕಳುಹಿಸಿದರೆ ಸಾಕ್ಷ್ಯ ನಷ್ಟವಾಗಿರುತ್ತದೆ. ವೈದ್ಯರು ಕರುಳಿನ ಸಣ್ಣ ತುಂಡುಗಳನ್ನು ಶೇಕಡ 10ರ ಫಾರ್ಮಲಿನ್ನಿನಲ್ಲಿಯೂ, ಎರಡು ತುದಿಗಳನ್ನು ದಾರದಿಂದ ಕಟ್ಟಿದ ಇನ್ನೊಂದು ತುಂಡನ್ನು ಮಂಜುಗಡ್ಡೆಯಲ್ಲಿಯೂ ಇಟ್ಟು ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ. ಒಂದರಲ್ಲಿ ಅಂಗಾಂಶದ ಕಥೆ, ಇನ್ನೊಂದರಲ್ಲಿ ರೋಗಾಣುವಿನ ಹೆಸರು ಗೊತ್ತಾಗುತ್ತದೆ.

ಒಂದು ಎಚ್ಚರಿಕೆಯನ್ನು ಮಾತ್ರ ಎಂದೂ ಮರೆಯಬಾರದು. ಆರೋಗ್ಯವಾಗಿದ್ದ ದನ ಹಠಾತ್ತಾಗಿ ಸತ್ತು, ಮೂಗು, ಬಾಯಿ, ಗುದಗಳಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಒಸರುತ್ತಿದ್ದರೆ ಅದು ನೆರಡಿ, ಅಂದರೆ ಆಂತ್ರಾಕ್ಸ್, ಆಗಿರಬಹುದು. ಅಂಥ ಶವವನ್ನು ಯಾರೂ ಕೊಯ್ಯತಕ್ಕದ್ದಲ್ಲ, ಚರ್ಮವನ್ನು ಸುಲಿಯತಕ್ಕದ್ದಲ್ಲ. ಗಾಳಿ ಸೋಕಿದೊಡನೆ ಅದರ ರೋಗಾಣು ದಶಕಗಳ ಕಾಲ ಮಣ್ಣಿನಲ್ಲಿ ಬಾಳುವ ಬೀಜಾಣುಗಳಾಗಿ ಮಾರ್ಪಡುತ್ತದೆ, ಮನುಷ್ಯರನ್ನೂ ಕೊಲ್ಲುತ್ತದೆ. ಕಿವಿಯಿಂದ ತೆಗೆದ ಒಂದು ತೊಟ್ಟು ರಕ್ತವನ್ನು ಗಾಜಿನ ಮೇಲೆ ಲೇಪಿಸಿ ವೈದ್ಯರೇ ಪರೀಕ್ಷಿಸಲಿ. ಶವ ಆಳವಾಗಿ ಹೂಳಲ್ಪಡಲಿ.

ಕೊನೆಯದಾಗಿ, ಈ ಕಣಿವೆಯ ಊರುಗಳವರು ಒಟ್ಟುಗೂಡಿ, ಹಳ್ಳ ಬಾವಿಗಳಿಂದ ದೂರದಲ್ಲಿ, ಶವಪರೀಕ್ಷೆಗೆಂದು ಗಾರೆಯ ನೆಲದ ಒಂದು ಸಣ್ಣ ಜಾಗವನ್ನೂ ಪಕ್ಕದಲ್ಲಿಯೇ ಹೂಳುವ ಹೊಂಡಗಳಿಗೆ ನೆಲವನ್ನೂ ಗೊತ್ತುಮಾಡಬೇಕು. ಸತ್ತ ಪ್ರತಿಯೊಂದು ಪಶುವಿನ ದಿನಾಂಕ, ವಯಸ್ಸು, ಲಕ್ಷಣ, ಕರುಳಿನಲ್ಲಿ ಕಂಡದ್ದು ಇವನ್ನು ಒಂದೇ ಪುಸ್ತಕದಲ್ಲಿ ಬರೆದಿಡಬೇಕು. ಹಿರೇಬೇನೆಯನ್ನು 2030ರೊಳಗೆ ಜಗತ್ತಿನಿಂದ ನಿರ್ಮೂಲಗೊಳಿಸಬೇಕೆಂದು ರಾಷ್ಟ್ರಗಳು ಸಂಕಲ್ಪಿಸಿವೆ. ಅಂಥ ಸಂಕಲ್ಪ ನೆರವೇರುವುದು ರಾಜಧಾನಿಗಳ ಸಭೆಗಳಲ್ಲಿ ಅಲ್ಲ. ಇಂತಹ ಕಣಿವೆಗಳಲ್ಲಿ, ಇಂತಹ ಪುಸ್ತಕಗಳ ಪುಟಗಳಲ್ಲಿ, ತನ್ನ ಸತ್ತ ಮೇಕೆಯನ್ನು ಪರೀಕ್ಷೆಗೆ ಒಪ್ಪಿಸಿದ ಒಬ್ಬೊಬ್ಬ ಒಕ್ಕಲಿನ ಒಪ್ಪಿಗೆಯಲ್ಲಿ. ದೊಡ್ಡ ರೋಗವನ್ನು ನಮ್ಮ ಹಿರಿಯರು ಹೀಗೆಯೇ ಗೆದ್ದರು. ಹಿರೇಬೇನೆಯನ್ನು ಗೆಲ್ಲುವ ಸರದಿ ನಮ್ಮದು. ಅದಕ್ಕೆ ಬೇಕಾದ ಜ್ಞಾನವೂ ಲಸಿಕೆಯೂ ಈಗಾಗಲೇ ನಮ್ಮ ಕೈಯಲ್ಲಿವೆ.